ಅತಿಹ್ರಸ್ವ ಲೇಸರ್ ಸ್ಪಂದಗಳ ಸಂಕೋಚನ

ಅತಿಹ್ರಸ್ವ ಲೇಸರ್ ಸ್ಪಂದಗಳ ಸಂಕೋಚನ ಎಂದರೆ ಲೇಸರ್‌ನಿಂದ ಹೊಮ್ಮುವ ಅತ್ಯಲ್ಪಾವಧಿಯ ಬೆಳಕಿನ ಮಿಡಿತಗಳನ್ನು ಕಾಲದಲ್ಲಿ ಇನ್ನಷ್ಟು ಕಿರಿದುಗೊಳಿಸುವ ವಿಧಾನ. ಈ ಸ್ಪಂದಗಳ ಅವಧಿಯನ್ನು ಫೆಮ್ಟೊಸೆಕೆಂಡ್‌ಗಳಲ್ಲಿ ಅಳೆಯಲಾಗುತ್ತದೆ. ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಭಾಗಗಳಾಗಿ ವಿಂಗಡಿಸಿದರೆ ದೊರೆಯುವ ಒಂದು ಭಾಗವೇ ಫೆಮ್ಟೊಸೆಕೆಂಡ್. ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಸಾಗುವ ಬೆಳಕು 100 ಫೆಮ್ಟೊಸೆಕೆಂಡ್‌ಗಳಲ್ಲಿ ಕ್ರಮಿಸುವ ದೂರ ಕೇವಲ 0.03 ಮಿ.ಮೀ.; ಅದು ಸಾಮಾನ್ಯ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ.

ಸ್ಪಂದಗಳ ಉತ್ಪತ್ತಿ

ಲೇಸರ್‌ನ ಎರಡು ಕನ್ನಡಿಗಳ ನಡುವೆ ಏಕಕಾಲದಲ್ಲಿ ಅನೇಕ ಆವೃತ್ತಿಗಳ ಬೆಳಕು ನೆಲೆಗೊಳ್ಳಬಲ್ಲದು. ಇಂತಹ ಪ್ರತಿಯೊಂದು ಕಂಪನವನ್ನು ಮೋಡ್ ಎನ್ನುತ್ತಾರೆ. ಇವು ಪರಸ್ಪರ ಹೊಂದಾಣಿಕೆಯಿಲ್ಲದೆ ಕಂಪಿಸಿದಾಗ ಹೊರಬರುವ ಬೆಳಕು ಅನಿಯಮಿತವಾಗಿ ಏರಿಳಿಯುತ್ತದೆ. ಎಲ್ಲ ಮೋಡ್‌ಗಳ ಪ್ರಾವಸ್ಥೆಗಳನ್ನು ಒಂದಕ್ಕೊಂದು ಬಂಧಿಸಿದರೆ ಅವುಗಳ ಅಲೆಗಳ ಶಿಖರಗಳು ಒಂದು ಕ್ಷಣದಲ್ಲಿ ಮಾತ್ರ ಕೂಡಿ, ಉಳಿದ ಕಾಲದಲ್ಲಿ ಪರಸ್ಪರ ರದ್ದಾಗುತ್ತವೆ. ಇದೇ ಮೋಡ್-ಲಾಕಿಂಗ್. ಕನ್ನಡಿಗಳ ಅಂತರ 1.5 ಮೀಟರ್ ಇದ್ದರೆ ಸೆಕೆಂಡಿಗೆ ಸುಮಾರು 10 ಕೋಟಿ ಸ್ಪಂದಗಳು ಹೊರಡುತ್ತವೆ.

ಸ್ಪಂದವು ಕಿರಿದಾಗಬೇಕಾದರೆ ಅದರಲ್ಲಿ ಹೆಚ್ಚು ವರ್ಣಗಳಿರಬೇಕು. 800 ನ್ಯಾನೊಮೀಟರ್ ತರಂಗದೂರದ ಸುತ್ತ 10 ಫೆಮ್ಟೊಸೆಕೆಂಡ್ ಸ್ಪಂದವನ್ನು ಪಡೆಯಲು ಸುಮಾರು 94 ನ್ಯಾನೊಮೀಟರ್ ಅಗಲದ ವರ್ಣಪಟಲ ಅಗತ್ಯ. ‘ಸಂಕೋಚನ’ ಎಂಬ ಪದ ಇಲ್ಲಿ ಸ್ವಲ್ಪ ದಾರಿತಪ್ಪಿಸುವಂಥದ್ದು: ಹತ್ತಿಯನ್ನು ಅದುಮಿದಂತೆ ಬೆಳಕನ್ನು ಅದುಮಲಾಗುವುದಿಲ್ಲ. ಚದುರಿಹೋದ ವರ್ಣಗಳನ್ನು ಮತ್ತೆ ಒಂದೇ ಕ್ಷಣಕ್ಕೆ ಕೂಡಿಸಲಾಗುತ್ತದೆ, ಅಷ್ಟೆ. ಸಾಕಷ್ಟು ವರ್ಣಗಳೇ ಇಲ್ಲದ ಸ್ಪಂದವನ್ನು ಯಾವ ಉಪಕರಣವೂ ಕಿರಿದುಗೊಳಿಸಲಾರದು.

ಹಿಗ್ಗುವಿಕೆಗೆ ಕಾರಣ

ಗಾಜಿನಲ್ಲಿ ಕೆಂಪು ಬೆಳಕು ನೀಲಿಗಿಂತ ವೇಗವಾಗಿ ಚಲಿಸುತ್ತದೆ. ಆದ್ದರಿಂದ ಗಾಜನ್ನು ದಾಟಿದ ಸ್ಪಂದದಲ್ಲಿ ಕೆಂಪು ಭಾಗ ಮುಂದೆಯೂ ನೀಲಿ ಭಾಗ ಹಿಂದೆಯೂ ಉಳಿಯುತ್ತದೆ. ಮೆರವಣಿಗೆಯಲ್ಲಿ ಒಟ್ಟಿಗೆ ಹೊರಟ ಮಕ್ಕಳಲ್ಲಿ ಚುರುಕಾದವರು ಮುಂದಾಗಿ, ಸಾಲು ಉದ್ದವಾಗುವ ಹಾಗೆಯೇ ಇದು. ಆವೃತ್ತಿಯು ಹೀಗೆ ಕ್ರಮೇಣ ಏರುವುದನ್ನು ಹಕ್ಕಿಯ ಚಿಲಿಪಿಲಿಗೆ ಹೋಲಿಸಿ ‘ಚರ್ಪ್’ ಎಂದು ಕರೆದಿದ್ದಾರೆ. ಪರಿಣಾಮ ಅಲ್ಪವೇನಲ್ಲ. 10 ಫೆಮ್ಟೊಸೆಕೆಂಡ್ ಸ್ಪಂದವೊಂದು ಕೇವಲ 1 ಸೆಂ.ಮೀ. ದಪ್ಪದ ಸಿಲಿಕಾ ಗಾಜನ್ನು ದಾಟುವಷ್ಟರಲ್ಲಿ ಸುಮಾರು 100 ಫೆಮ್ಟೊಸೆಕೆಂಡ್‌ಗೆ ಹಿಗ್ಗುತ್ತದೆ. ಲೇಸರ್‌ನ ಹರಳು ಕೂಡ ಇದೇ ತೊಂದರೆಯನ್ನು ಒಡ್ಡುತ್ತದೆ.

ಸಂಕೋಚನದ ಸಾಧನಗಳು

ಪರಿಹಾರವೆಂದರೆ ಮುಂದಿರುವ ಕೆಂಪನ್ನು ದೀರ್ಘ ಮಾರ್ಗದಲ್ಲಿ ಕಳುಹಿಸುವುದು. 1969ರಲ್ಲಿ ಟ್ರೀಸಿ ಅವರು ಎರಡು ಸಮಾನಾಂತರ ಗ್ರೇಟಿಂಗ್‌ಗಳಿಂದ ಇದು ಸಾಧ್ಯವೆಂದು ತೋರಿಸಿದರು. ಆದರೆ ಗ್ರೇಟಿಂಗ್‌ಗಳಲ್ಲಿ ಬೆಳಕಿನ ಒಂದಂಶ ವ್ಯರ್ಥವಾಗುವುದರಿಂದ, ಬೆಳಕು ಮತ್ತೆ ಮತ್ತೆ ಸುತ್ತುವ ಲೇಸರ್‌ನ ಒಳಗೆ ಅವು ಅಷ್ಟಾಗಿ ಒಗ್ಗುವುದಿಲ್ಲ. 1984ರಲ್ಲಿ ಫೋರ್ಕ್, ಮಾರ್ಟಿನೆಜ್ ಮತ್ತು ಗಾರ್ಡನ್ ಪಟ್ಟಕಗಳ ಜೋಡಿಯನ್ನು ಬಳಸುವ ವಿಧಾನವನ್ನು ಪ್ರಕಟಿಸಿದರು. ಮೊದಲ ಪಟ್ಟಕ ವರ್ಣಗಳನ್ನು ಬಿಡಿಸುತ್ತದೆ. ಎರಡನೆಯದರಲ್ಲಿ ಕೆಂಪು ಬೆಳಕು ನೀಲಿಗಿಂತ ಹೆಚ್ಚು ದಪ್ಪದ ಗಾಜನ್ನು ಹಾಯುವುದರಿಂದ ತಡವಾಗುತ್ತದೆ. ಪಟ್ಟಕಗಳ ಅಂತರವನ್ನು ಬದಲಿಸಿ ಈ ವಿಳಂಬವನ್ನು ಬೇಕಾದಂತೆ ಹೊಂದಿಸಬಹುದು. ಸರಳವಾದರೂ ಬಹು ಸೊಗಸಾದ ಉಪಾಯವಿದು. 1991ರಲ್ಲಿ ಸ್ಪೆನ್ಸ್, ಕೀನ್ ಮತ್ತು ಸಿಬೆಟ್ ಅವರು ಟೈಟಾನಿಯಂ-ಸಫೈರ್ ಲೇಸರ್‌ನಿಂದ 60 ಫೆಮ್ಟೊಸೆಕೆಂಡ್ ಸ್ಪಂದಗಳನ್ನು ಪಡೆದರು. 1994ರಿಂದ, ಬೇರೆ ಬೇರೆ ವರ್ಣಗಳನ್ನು ಬೇರೆ ಬೇರೆ ಆಳದಿಂದ ಪ್ರತಿಫಲಿಸುವ ಬಹುಪದರದ ಕನ್ನಡಿಗಳೂ ಬಳಕೆಗೆ ಬಂದವು.

ಲೇಸರ್‌ನ ಹೊರಗೆ ನಡೆಯುವ ಸಂಕೋಚನದಲ್ಲಿ ಮೊದಲು ವರ್ಣಗಳನ್ನೇ ಹೆಚ್ಚಿಸಲಾಗುತ್ತದೆ. ತೀವ್ರ ಬೆಳಕು ತಾನು ಹಾಯುವ ಗಾಜಿನ ಎಳೆಯ ವಕ್ರೀಭವನ ಸೂಚ್ಯಂಕವನ್ನು ಬದಲಿಸುವುದರಿಂದ ಹೊಸ ವರ್ಣಗಳು ಹುಟ್ಟುತ್ತವೆ. ಬಳಿಕ ಅವನ್ನು ಒಟ್ಟುಗೂಡಿಸಲಾಗುತ್ತದೆ. ಗ್ರೇಟಿಂಗ್ ಮತ್ತು ಪಟ್ಟಕಗಳೆರಡನ್ನೂ ಬಳಸಿ, ಒಂದರ ಉಳಿಕೆ ದೋಷವನ್ನು ಇನ್ನೊಂದರಿಂದ ನಿವಾರಿಸಿ, 1987ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 6 ಫೆಮ್ಟೊಸೆಕೆಂಡ್‌ನ ಸ್ಪಂದವನ್ನು ಪಡೆಯಲಾಯಿತು. ಅದರಲ್ಲಿ ಬೆಳಕಿನ ಅಲೆ ಸುಮಾರು ಮೂರು ಬಾರಿ ಮಾತ್ರ ಆಂದೋಲನಗೊಳ್ಳುತ್ತದೆ.

ಉಪಯೋಗಗಳು

ಒಂದೇ ಪ್ರಮಾಣದ ಶಕ್ತಿಯನ್ನು ಕಡಿಮೆ ಕಾಲದಲ್ಲಿ ಬಿಡುಗಡೆ ಮಾಡಿದಷ್ಟೂ ಗರಿಷ್ಠ ಸಾಮರ್ಥ್ಯ ಹೆಚ್ಚುತ್ತದೆ. ಆದರೆ ಇಂತಹ ಸ್ಪಂದವನ್ನು ನೇರವಾಗಿ ವರ್ಧಿಸಿದರೆ ವರ್ಧಕದ ಹರಳೇ ಹಾನಿಗೊಳ್ಳುತ್ತದೆ. 1985ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದ ಡೋನಾ ಸ್ಟ್ರಿಕ್ಲೆಂಡ್ ಮತ್ತು ಜೆರಾರ್ಡ್ ಮೂರೂ ಸ್ಪಂದವನ್ನು ಮೊದಲು ಹಿಗ್ಗಿಸಿ, ವರ್ಧಿಸಿ, ಕೊನೆಯಲ್ಲಿ ಸಂಕೋಚನಗೊಳಿಸಿದರು. ಅದು ಸ್ಟ್ರಿಕ್ಲೆಂಡ್ ಅವರ ಪ್ರಥಮ ವೈಜ್ಞಾನಿಕ ಲೇಖನವಾಗಿತ್ತು. 2018ರ ಭೌತಶಾಸ್ತ್ರ ನೊಬೆಲ್ ಪ್ರಶಸ್ತಿಯ ಒಂದು ಭಾಗ ಇವರಿಬ್ಬರಿಗೂ ಸಂದಿತು. ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಸುತ್ತಲಿನ ಅಂಗಾಂಶವನ್ನು ಬಿಸಿಮಾಡದೆ ಕಾರ್ನಿಯಾವನ್ನು ಕತ್ತರಿಸಲು ಇಂತಹ ಸ್ಪಂದಗಳನ್ನು ಬಳಸುತ್ತಾರೆ. ರಾಸಾಯನಿಕ ಬಂಧಗಳು ಮುರಿಯುವುದನ್ನು ಫೆಮ್ಟೊಸೆಕೆಂಡ್ ಸ್ಪಂದಗಳಿಂದ ಗಮನಿಸಿದ ಅಹ್ಮದ್ ಜೆವೈಲ್ ಅವರಿಗೆ 1999ರ ರಸಾಯನಶಾಸ್ತ್ರ ನೊಬೆಲ್ ದೊರೆಯಿತು.

800 ನ್ಯಾನೊಮೀಟರ್ ಬೆಳಕಿನ ಒಂದು ಆಂದೋಲನಕ್ಕೆ ಸುಮಾರು 2.7 ಫೆಮ್ಟೊಸೆಕೆಂಡ್ ಬೇಕು. ಅದಕ್ಕಿಂತ ತೀರಾ ಕಿರಿದಾದ ಅಟೊಸೆಕೆಂಡ್ ಸ್ಪಂದಗಳಿಗಾಗಿ ಈ ಲೇಸರ್ ಬೆಳಕನ್ನು ಅನಿಲದ ಮೇಲೆ ಹಾಯಿಸಿ, ಇನ್ನೂ ಹ್ರಸ್ವ ತರಂಗದೂರದ ಕಿರಣಗಳನ್ನು ಉತ್ಪಾದಿಸಬೇಕಾಗುತ್ತದೆ.