ಕಡ್ಡಿರಾಂಪುರದ ಒಣನೆಲ ಮತ್ತು ಮಖಮಲ್ ಇರುವೆ

ಹೊಸಪೇಟೆಯಿಂದ ಹಂಪಿಗೆ ಸಾಗುವ ದಾರಿಯ ಕಡ್ಡಿರಾಂಪುರದ ಸುತ್ತ ಹರಡಿರುವಂಥ ಗ್ರಾನೈಟ್ ಬಂಡೆ, ಕುರುಚಲು ಹಾಗೂ ಸಡಿಲ ಮಣ್ಣಿನ ಒಣನೆಲವು ಮಖಮಲ್ ಇರುವೆಗಳಿಗೆ ಒಗ್ಗುವ ನೆಲೆ. ಕಪ್ಪು ತಲೆ, ಇಟ್ಟಿಗೆಗೆಂಪು ಎದೆ, ಬಿಳಿ ಕೂದಲಿನ ಬೊಟ್ಟುಗಳುಳ್ಳ ಕಪ್ಪು ಉದರ ಭಾರತದ ಹಲವು ಪ್ರಭೇದಗಳಲ್ಲಿ ಕಾಣುವ ಬಣ್ಣ. ಹೆಸರಿನಲ್ಲಿ ಇರುವೆಯಿದ್ದರೂ ಇದು ಮ್ಯೂಟಿಲಿಡೇ ಕುಟುಂಬದ ಕಣಜ. ನೆಲದ ಮೇಲೆ ಓಡಾಡುವುದು ರೆಕ್ಕೆಯಿಲ್ಲದ ಹೆಣ್ಣು. ಗಂಡಿಗೆ ಸಾಮಾನ್ಯವಾಗಿ ರೆಕ್ಕೆಗಳಿರುತ್ತವೆ, ಆದರೆ ಕೊಂಡಿಯಿರುವುದಿಲ್ಲ. ಏಕೆಂದರೆ ಕಣಜದ ಕೊಂಡಿಯೆಂಬುದು ಮೊಟ್ಟೆಯಿಡುವ ನಳಿಕೆಯೇ ಮಾರ್ಪಟ್ಟು ಆದ ಅಂಗ.

ಇರುವೆಯ ಕುಡಿಮೀಸೆ ಮೊಣಕೈಯಂತೆ ಥಟ್ಟನೆ ಬಾಗಿದ್ದು, ಸೊಂಟದಲ್ಲಿ ಒಂದೆರಡು ಗಂಟುಗಳು ಎದ್ದು ಕಾಣುತ್ತವೆ. ಮಖಮಲ್ ಇರುವೆಯ ಮೀಸೆಗೆ ಅಂಥ ಮೊಣಕೈ ಇರುವುದಿಲ್ಲ, ಮೈತುಂಬ ದಟ್ಟ ಕೂದಲಿರುತ್ತದೆ, ಮತ್ತು ಅದು ಸಾಲುಗಟ್ಟದೆ ಒಂಟಿಯಾಗಿಯೇ ತಿರುಗುತ್ತದೆ. ಮೊದಲ ಮಳೆಯ ಬೆನ್ನಿಗೆ ಹೊಲಗಳಲ್ಲಿ ಕಾಣಿಸಿಕೊಳ್ಳುವ, ಮೈಯೆಲ್ಲ ಒಂದೇ ಕೆಂಪಾದ ಮೆತ್ತನೆಯ ಜೀವಿಯೊಡನೆಯೂ ಇದನ್ನು ಬೆರೆಸಬಾರದು. ಅದು ಎಂಟು ಕಾಲಿನ ನಿರುಪದ್ರವಿ ನುಸಿ, ಇದಕ್ಕಿರುವುದು ಆರೇ ಕಾಲು.

ಹೆಣ್ಣು ಓಡುತ್ತಾ, ನಿಲ್ಲುತ್ತಾ, ಮೀಸೆಯಿಂದ ಮಣ್ಣನ್ನು ತಟ್ಟುತ್ತಾ ಹುಡುಕುವುದು ಒಂಟಿ ಜೇನ್ನೊಣ ಅಥವಾ ಬೇರೆ ಕಣಜ ತೋಡಿದ ಬಿಲವನ್ನು. ಒಳಹೊಕ್ಕು, ಅಲ್ಲಿನ ಮುಚ್ಚಿದ ಗೂಡನ್ನು ಕಚ್ಚಿ ತೆರೆದು, ಬಲಿತ ಮರಿಹುಳುವಿನ ಅಥವಾ ಕೋಶದ ಬಳಿ ಮೊಟ್ಟೆಯಿಡುತ್ತದೆ. ಅದರಿಂದ ಹೊರಬರುವ ಮರಿ ಆತಿಥೇಯ ಜೀವಿಯನ್ನೇ ತಿಂದು ಬೆಳೆಯುತ್ತದೆ. ಹಿಡಿದರೆ ಇದು ಉದರದ ಖಂಡಗಳನ್ನು ಒಂದಕ್ಕೊಂದು ಉಜ್ಜಿ ಕಿಚಕಿಚ ಸದ್ದು ಮಾಡುತ್ತದೆ. ಆ ಸದ್ದು, ಗಟ್ಟಿ ಹೊರಕವಚ, ಉದ್ದನೆಯ ಕೊಂಡಿ, ಇವುಗಳ ಜೊತೆಗೆ ಎದ್ದುಕಾಣುವ ಬಣ್ಣವೂ ಬೇಟೆಗಾರ ಪ್ರಾಣಿಗಳಿಗೆ ಮುನ್ನೆಚ್ಚರಿಕೆಯೇ.

ಬಣ್ಣಕ್ಕೆ ಬೇರೆ ಕಾರಣವೂ ಇರಬಹುದೆಂಬುದಕ್ಕೆ ಅಮೆರಿಕದ ಮರುಭೂಮಿಯ ಡಾಸಿಮ್ಯೂಟಿಲಾ ಗ್ಲೋರಿಯೋಸಾ ಎಂಬ ಮಖಮಲ್ ಇರುವೆ ಉತ್ತಮ ನಿದರ್ಶನ. ಅದರ ಬಿಳಿ ಕೂದಲು ಕ್ರಿಯೋಸೋಟ್ ಗಿಡದ ಬೀಜದ ಅನುಕರಣೆಯೆಂಬ ಊಹೆಯಿತ್ತು. ಆ ಗಿಡ ಅಲ್ಲಿಗೆ ಬರುವ ಮೊದಲೇ ಈ ಬಣ್ಣ ವಿಕಾಸಗೊಂಡಿತ್ತು, ಅದು ಬಿಸಿಲನ್ನು ತಡೆಯಲು ನೆರವಾಗುತ್ತದೆ ಎಂದು 2020ರ ಅಧ್ಯಯನ ತೋರಿಸಿತು.

ಭಾರತದ ಪ್ರಭೇದಗಳನ್ನು ಕೀಟಶಾಸ್ತ್ರಜ್ಞ ಬಿಂಗ್‌ಹ್ಯಾಮ್ 1897ರಲ್ಲಿ ವಿಸ್ತಾರವಾಗಿ ವರ್ಣಿಸಿದರೂ, ಗಂಡು ಹೆಣ್ಣುಗಳು ಒಂದನ್ನೊಂದು ಹೋಲದ ಕಾರಣ ಹಲವೆಡೆ ಒಂದೇ ಪ್ರಭೇದಕ್ಕೆ ಎರಡು ಹೆಸರು ಬಿದ್ದಿವೆ. ಆದ್ದರಿಂದ ಬರಿಗಣ್ಣಿಗೆ ಕಂಡ ಬಣ್ಣದಿಂದಷ್ಟೇ ಪ್ರಭೇದವನ್ನು ನಿರ್ಧರಿಸುವುದು ತಪ್ಪು. ಬೊಟ್ಟುಗಳ ಸಂಖ್ಯೆ, ಅವು ಉದರದ ಯಾವ ಖಂಡದಲ್ಲಿವೆ, ಎದೆಯ ಆಕಾರ ಹೇಗಿದೆ ಎಂಬುದು ಕಾಣುವಂತೆ ಮೇಲಿನಿಂದಲೂ ಪಕ್ಕದಿಂದಲೂ ಚಿತ್ರ ತೆಗೆದಿಟ್ಟುಕೊಂಡರೆ ತಜ್ಞರಿಗೆ ನೆರವಾಗುತ್ತದೆ. ಕುಟುಕಿನ ನೋವು ತೀವ್ರವಾಗಿರುವುದರಿಂದ ಇದನ್ನು ಬರಿಗೈಯಲ್ಲಿ ಹಿಡಿಯಬಾರದು, ಮಕ್ಕಳಿಗೂ ಹಿಡಿಯಗೊಡಬಾರದು.