ಅಧ್ಯಕ್ಷೆಗೆ ತರಬೇತಿ ಯಾಕೆ? ಡೋಂಗಲ್ ಯಾರ ಜೇಬಲ್ಲಿದೆ ನೋಡಿ

ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ 2010ರಿಂದ ಶೇ. 50 ಮೀಸಲಾತಿ ಇದೆ. ಗೆದ್ದವರಿಗೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆ ತರಬೇತಿಯನ್ನೂ ಕೊಡುತ್ತದೆ. ಆದರೂ ಎಷ್ಟೋ ಕಡೆ ಕಾರುಬಾರು ನಡೆಸೋದು ‘ಅಧ್ಯಕ್ಷೆಯ ಯಜಮಾನ್ರು’.

ಪಂಚಾಯಿತಿ ಹಣ ಪಾವತಿಗೆ ಅಧ್ಯಕ್ಷರು, ಪಿಡಿಒ ಇಬ್ಬರ ಸಹಿಯೂ ಬೇಕು. ಈಗ ಅದು ಡಿಜಿಟಲ್ ಸಹಿ. ಅಧ್ಯಕ್ಷೆಯ ಡೋಂಗಲ್, ಪಾಸ್‌ವರ್ಡ್ ಗಂಡನ ಕೈಲಿದ್ದರೆ ಆಕೆ ಹೊಲದಲ್ಲಿದ್ದರೂ ಬಿಲ್ ಪಾಸಾಗುತ್ತೆ. ಲೆಕ್ಕ ತಪ್ಪಿದರೆ ನೋಟಿಸ್ ಬರೋದು ಮಾತ್ರ ಆಕೆಯ ಹೆಸರಿಗೇ. ಹಾಗಾಗಿ ವೇದಿಕೆ ಭಾಷಣ ಆಮೇಲಿರಲಿ. ಬಿಲ್ ಓದೋದು, ನಡವಳಿ ಪುಸ್ತಕ ನೋಡಿಯೇ ಸಹಿ ಹಾಕೋದು ಮೊದಲ ಪಾಠವಾಗಬೇಕು.

ಆಕೆಯೊಬ್ಬಳೇ ಕಲಿತರೂ ಸಾಲದು. ಪಿಡಿಒ, ಸಿಬ್ಬಂದಿ, ಪುರುಷ ಸದಸ್ಯರೂ ತರಬೇತಿಗೆ ಕೂರಬೇಕು. ‘ಸ್ವಲ್ಪ ಯಜಮಾನ್ರಿಗೆ ಫೋನ್ ಕೊಡಿ ಮೇಡಂ’ ಅನ್ನೋರು ಅವರೇ ತಾನೆ?