ಫೈಲು ಮನೆಯಲ್ಲಿ, ರೋಗಿ ಹುಬ್ಬಳ್ಳಿಯಲ್ಲಿ

ಕಾಯಿಲೆ ಕೈಮೀರಿದರೆ ಹಾವೇರಿ, ಬ್ಯಾಡಗಿ ಕಡೆಯವರು ಜನ ಕಿಮ್ಸ್ ಎಂದು ಕರೆಯುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯ ದಾರಿ ಹಿಡಿಯುತ್ತಾರೆ. ರಾಣೆಬೆನ್ನೂರಿನವರಿಗೆ ದಾವಣಗೆರೆ ಹತ್ತಿರ. ರೋಗಿಯ ಜೊತೆ ಹೋಗುವುದು ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಔಷಧಿ ಚೀಟಿ, ರಕ್ತಪರೀಕ್ಷೆಯ ವರದಿ, ಮಡಚಿಟ್ಟ ಇಸಿಜಿ. ಇಸಿಜಿ ಮೂಡುವುದು ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದದ ಮೇಲೆ; ಕೆಲವು ವರ್ಷ ಕಳೆದರೆ ಗೆರೆಗಳೇ ಮಾಸಿಹೋಗುತ್ತವೆ. ಕವರು ಮರೆತರೆ ಪರೀಕ್ಷೆಯೂ ಮತ್ತೆ, ಖರ್ಚೂ ಮತ್ತೆ. ಪೆನಿಸಿಲಿನ್ ಒಗ್ಗದು ಎಂಬ ಒಂದು ಸಾಲು ತಪ್ಪಿಹೋದರಂತೂ ಜೀವಕ್ಕೇ ಅಪಾಯ.

ವಿದ್ಯುನ್ಮಾನ ಆರೋಗ್ಯ ದಾಖಲೆ ಬಂದದ್ದು ಈ ಕೊರತೆ ನೀಗಿಸಲು. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಯಸಿದ ಪ್ರತಿಯೊಬ್ಬರಿಗೂ 14 ಅಂಕಿಯ 'ಆಭಾ' ಸಂಖ್ಯೆ ಕೊಡುತ್ತದೆ. ಎಲ್ಲರ ಕಾಯಿಲೆಯ ವಿವರವೂ ದೆಹಲಿಯ ಯಾವುದೋ ಒಂದು ಕಂಪ್ಯೂಟರಿಗೆ ಸೇರುತ್ತದೆ ಎಂಬ ಕಲ್ಪನೆ ಹಲವರಲ್ಲಿದೆ. ಹಾಗಿಲ್ಲ. ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲೇ ಇರುತ್ತದೆ. ಆಭಾ ಅದನ್ನು ತಲುಪುವ ವಿಳಾಸ ಮಾತ್ರ. ಬೇರೆ ವೈದ್ಯರು ಅದನ್ನು ನೋಡಬೇಕಾದರೆ ರೋಗಿ ಒಪ್ಪಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೂ ಪಡೆಯಬಹುದು.

ಕಾಗದದ ಮೇಲೆ ವ್ಯವಸ್ಥೆ ಚೆನ್ನಾಗಿದೆ. ಆದರೆ ಒಪ್ಪಿಗೆ ಕೇಳುವ ಸಂದೇಶ ಬರುವುದು ಮೊಬೈಲಿಗೆ. ನೋಂದಾಯಿಸಿದ ಮೊಬೈಲು ಬೆಂಗಳೂರಿನಲ್ಲಿ ದುಡಿಯುವ ಮಗನ ಕಿಸೆಯಲ್ಲಿದ್ದರೆ ತಾಯಿಯ ಒಪ್ಪಿಗೆಯನ್ನು ಮಗನೇ ಕೊಟ್ಟಂತಾಯಿತು. ಎಲ್ಲವನ್ನೂ ಕಂಪ್ಯೂಟರ್ ಸರ್ವರ್‌ಗೆ ಒಪ್ಪಿಸುವುದರಲ್ಲೂ ಗಂಡಾಂತರವಿದೆ: 2022ರ ನವೆಂಬರಿನಲ್ಲಿ ಸೈಬರ್ ದಾಳಿಗೆ ಸಿಕ್ಕ ದೆಹಲಿಯ ಏಮ್ಸ್ ಸುಮಾರು ಎರಡು ವಾರ ಕೈಬರಹಕ್ಕೆ ಮರಳಬೇಕಾಯಿತು.

ಇವೆಲ್ಲಕ್ಕಿಂತ ದೊಡ್ಡ ಪಾಠ ಅಮೆರಿಕದ ಪಿಟ್ಸ್‌ಬರ್ಗ್‌ನದು. ಅಲ್ಲಿನ ಮಕ್ಕಳ ಆಸ್ಪತ್ರೆಯೊಂದು 2002ರಲ್ಲಿ ಔಷಧಿ ಆದೇಶಗಳನ್ನು ಕಂಪ್ಯೂಟರಿಗೆ ವರ್ಗಾಯಿಸಿತು. ಬೇರೆ ಆಸ್ಪತ್ರೆಗಳಿಂದ ಸಾಗಿಸಿ ತಂದ ಮಕ್ಕಳಲ್ಲಿ ಸಾವಿನ ಪ್ರಮಾಣ ಶೇ 2.80ರಿಂದ 6.57ಕ್ಕೆ ಏರಿದ್ದನ್ನು 2005ರ ಅಧ್ಯಯನ ದಾಖಲಿಸಿತು. ಮೊದಲು ಮಗು ದಾರಿಯಲ್ಲಿರುವಾಗಲೇ ಔಷಧಿ ಸಿದ್ಧವಾಗುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ಮಗು ಬಂದು, ಹೆಸರು ನೋಂದಣಿಯಾಗುವವರೆಗೆ ಆದೇಶ ಬರೆಯುವಂತೆಯೇ ಇರಲಿಲ್ಲ. ಅದೇ ಬಗೆಯ ವ್ಯವಸ್ಥೆಯನ್ನು ಸ್ಟ್ಯಾನ್‌ಫರ್ಡ್‌ನ ಮಕ್ಕಳ ಆಸ್ಪತ್ರೆ ತನ್ನ ಕೆಲಸದ ಕ್ರಮಕ್ಕೆ ಹೊಂದಿಸಿಕೊಂಡು ತಂದಾಗ ಸಾವು ಶೇ 20ರಷ್ಟು ಇಳಿಯಿತೆಂದು 2010ರಲ್ಲಿ ವರದಿಯಾಯಿತು. ಯಂತ್ರ ಒಂದೇ ಬಗೆಯದು, ಫಲ ಬೇರೆ.

ರೋಗಿಗಳನ್ನು ದೂರದೂರಿಗೆ ಕಳಿಸುವ ಹಾವೇರಿಯಂಥ ಜಿಲ್ಲೆಗೆ ಈ ಮಾತು ನೇರವಾಗಿ ತಟ್ಟುತ್ತದೆ. ರೋಗಿ ಇಲ್ಲಿಂದ ಹೊರಡುವಷ್ಟರಲ್ಲಿ ಆಕೆಯ ವಿವರ ಅಲ್ಲಿನ ವೈದ್ಯರ ಮುಂದೆ ತೆರೆದುಕೊಂಡರೆ ಗಣಕ ದಾಖಲೆ ಜೀವ ಉಳಿಸುತ್ತದೆ. ಅದರ ಬದಲು ಆಶಾ ಕಾರ್ಯಕರ್ತೆ ಗರ್ಭಿಣಿಯ ವಿವರವನ್ನು ಪುಸ್ತಕದಲ್ಲೂ ಬರೆದು, ಮತ್ತೆ ಮೊಬೈಲಿನಲ್ಲೂ ತುಂಬುವಂತಾದರೆ ಹೆಚ್ಚುವುದು ದುಡಿಮೆ ಮಾತ್ರ. ಆದ್ದರಿಂದ ಎಷ್ಟು ಆಭಾ ಸಂಖ್ಯೆ ಹಂಚಿದೆವು ಎಂಬ ಲೆಕ್ಕ ಸಾಲದು. ಜಿಲ್ಲಾಸ್ಪತ್ರೆಯ ಡಿಸ್ಚಾರ್ಜ್ ವಿವರ ಹುಬ್ಬಳ್ಳಿಯಲ್ಲಿ ತೆರೆಯುತ್ತದೆಯೇ, ಗಣಕ ಬಂದ ಮೇಲೆ ಎಷ್ಟು ರಿಜಿಸ್ಟರು ಮುಚ್ಚಿದವು, ಕರೆಂಟು ಹೋದಾಗ ಏನು ಮಾಡುತ್ತೀರಿ—ಜಿಲ್ಲೆಯ ಜನ ಕೇಳಬೇಕಾದದ್ದು ಈ ಮೂರು ಪ್ರಶ್ನೆ.